ಸುಣ್ಣದ ಕಲ್ಲು: ಕಾರ್ಖಾನೆಯಿಂದ ಕೊಟ್ಟಿಗೆಯವರೆಗೆ

(ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸರ್ವ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಹೋದ ಸಲ ಲಸಿಕೆ ಹಾಕಲು ಬಂದಾಗ ನಿಮ್ಮಲ್ಲೇ ಒಬ್ಬ ಸದಸ್ಯರು ನನ್ನನ್ನು ಒಂದು ಪ್ರಶ್ನೆ ಕೇಳಿದರು. “ಸಾರ್, ಖನಿಜ ಮಿಶ್ರಣದ ಪೊಟ್ಟಣದಲ್ಲಿ ಇರುವುದು ಸುಣ್ಣದ ಕಲ್ಲಿನ ಪುಡಿಯೇ ಅಂತಾರೆ. ಹಾಗಿದ್ದರೆ ಪೇಟೆಯಲ್ಲಿ ಚೀಲಗಟ್ಟಲೆ ಸಿಗುವ ಕಲ್ಲಿನ ಪುಡಿಯನ್ನೇ ತಂದು ಬೂಸಾಕ್ಕೆ ಕಲಸಿದರೆ ಆಗುವುದಿಲ್ಲವೇ? ದುಡ್ಡೂ ಉಳಿಯುತ್ತದೆ” ಎಂದರು. ಅವರ ಹೆಸರು ಹೇಳುವುದಿಲ್ಲ, ಮುಂದಿನ ಸಾಲಿನಲ್ಲೇ ಕುಳಿತು ನಗುತ್ತಿದ್ದಾರೆ. ಪ್ರಶ್ನೆ ಬಹಳ ಒಳ್ಳೆಯದು. ಅಂದು ಗಡಿಬಿಡಿಯಲ್ಲಿ ‘ಆಗುವುದಿಲ್ಲ’ ಎಂದಷ್ಟೇ ಹೇಳಿ ಹೊರಟುಬಿಟ್ಟೆ. ಏಕೆ ಆಗುವುದಿಲ್ಲ ಎಂದು ಹೇಳದೆ ಹೋದದ್ದು ತಪ್ಪು. ಇವತ್ತು ಅದನ್ನೇ ಹೇಳೋಣವೆಂದು ಬಂದಿದ್ದೇನೆ. ಆದರೆ ಕೊಟ್ಟಿಗೆಗೆ ಬರುವ ಮುಂಚೆ ಸ್ವಲ್ಪ ಸುತ್ತು ಹಾಕಿ ಬರಬೇಕು. ಏಕೆಂದರೆ ಈ ಕಲ್ಲು ನಾವು ತಿಳಿದಷ್ಟು ಸಾಮಾನ್ಯದ್ದಲ್ಲ.

ನಮ್ಮ ರಾಜ್ಯದಲ್ಲಿ ಸುಣ್ಣದ ಕಲ್ಲಿನ ದೊಡ್ಡ ಭಂಡಾರ ಇರುವುದು ಕಲಬುರಗಿ ಸೀಮೆಯಲ್ಲಿ. ಶಹಾಬಾದ್, ವಾಡಿ, ಸೇಡಂ, ಮಳಖೇಡ ಈ ಕಡೆ ಹೋದವರು ನೋಡಿರಬಹುದು, ನೆಲದ ತುಂಬ ಹಾಸು ಹಾಸಾಗಿ ಕಲ್ಲು. ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಏಳುತ್ತದೆ. ನಮ್ಮ ಮನೆಗಳ ಪಡಸಾಲೆಗೆ ಹಾಸುವ ಶಹಾಬಾದ್ ಕಲ್ಲು ಇದೇ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಅಂದಿನ ರಾಜಧಾನಿಯ ಪಕ್ಕದಲ್ಲಿ ಇಂದು ಸಿಮೆಂಟಿನ ಚಿಮಣಿಗಳು ನಿಂತಿವೆ. ಬಾಗಲಕೋಟೆ, ಲೋಕಾಪುರದ ಕಡೆಯಲ್ಲೂ ಈ ಕಲ್ಲು ಉಂಟು. ಕರಾವಳಿಯವರಿಗೆ ಕಲ್ಲೇ ಬೇಕಿರಲಿಲ್ಲ, ಕಪ್ಪೆಚಿಪ್ಪನ್ನು ಸುಟ್ಟು ಸುಣ್ಣ ಮಾಡಿಕೊಳ್ಳುತ್ತಿದ್ದರು. ಚಿಪ್ಪು, ಕಲ್ಲು ಎರಡೂ ಒಂದೇ ಪದಾರ್ಥ. ಶಾಸ್ತ್ರದ ಹೆಸರು ಕ್ಯಾಲ್ಸಿಯಂ ಕಾರ್ಬೋನೇಟ್. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೆಸರಾಗಿ ಕುಳಿತದ್ದು ಗಟ್ಟಿಯಾಗಿ ಕಲ್ಲಾಯಿತು. ನಮ್ಮ ಹಸುವಿನ ಮೂಳೆಗೆ ಬೇಕಾದ ಕ್ಯಾಲ್ಸಿಯಂ, ಹಾಲಿನಲ್ಲಿರುವ ಕ್ಯಾಲ್ಸಿಯಂ, ಈ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಎಲ್ಲವೂ ಒಂದೇ. ಆ ಸದಸ್ಯರ ಪ್ರಶ್ನೆಯ ಅರ್ಧ ಭಾಗ ಸರಿ ಎಂದು ಹೇಳುವುದು ಇದಕ್ಕೇ.

ಈ ಕಲ್ಲನ್ನು ಸುಟ್ಟರೆ ಏನಾಗುತ್ತದೆ ಎಂಬುದು ನಿಮ್ಮ ಹಿರಿಯರಿಗೆ ಗೊತ್ತಿತ್ತು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕಲ್ಲು ಒಡೆಯುತ್ತದೆ. 100 ಕಿಲೋ ಶುದ್ಧ ಕಲ್ಲು ಸುಟ್ಟರೆ 44 ಕಿಲೋ ಅನಿಲವಾಗಿ ಹಾರಿಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ತಗಲಿದರೆ ಕೊತಕೊತ ಕುದಿದು ಅರಳಿದ ಸುಣ್ಣವಾಗುತ್ತದೆ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಅದೇ ಅನಿಲವನ್ನು ಮತ್ತೆ ಹೀರಿಕೊಂಡು ಮೊದಲಿನ ಕಲ್ಲೇ ಆಗಿಬಿಡುತ್ತದೆ. ಆದ್ದರಿಂದ ಸುಣ್ಣ ಬಳಿದ ಗೋಡೆ ಎಂದರೆ ಗೋಡೆಗೆ ತೆಳ್ಳಗೆ ಒಂದು ಪದರ ಕಲ್ಲು ಕಟ್ಟಿದ ಹಾಗೆ. ಹೀಗೆ ಕಲ್ಲು, ಸುಟ್ಟ ಸುಣ್ಣ, ಅರಳಿದ ಸುಣ್ಣ ಎಂದು ಮೂರು ರೂಪ. ಈ ಮೂರನ್ನೂ ನಾವು ಬಾಯಿಮಾತಿನಲ್ಲಿ ‘ಸುಣ್ಣ’ ಎಂದುಬಿಡುತ್ತೇವೆ. ಅಪಾಯ ಹುಟ್ಟುವುದು ಅಲ್ಲಿಂದಲೇ. ಕಲ್ಲಿನ ಪುಡಿ ನಾಲಿಗೆಯ ಮೇಲೆ ಇಟ್ಟರೆ ಏನೂ ಆಗದು. ಸುಟ್ಟ ಸುಣ್ಣ ಇಟ್ಟರೆ ನಾಲಿಗೆ ಬೇಯುತ್ತದೆ. ಎಲೆಯಡಿಕೆ ಹಾಕುವವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ, ಸ್ವಲ್ಪ ಸುಣ್ಣ ಹೆಚ್ಚಾದರೆ ಬಾಯಿ ಏನಾಗುತ್ತದೆ ಎಂದು ನಿಮಗೇ ಗೊತ್ತು.

ಈಗ ಕಾರ್ಖಾನೆಗಳ ಕಡೆ ಬರೋಣ. ಸುಣ್ಣದ ಕಲ್ಲಿನ ಮೊದಲ ಗಿರಾಕಿ ಸಿಮೆಂಟ್. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆ ಕೆಲಸದವನು ಸುಣ್ಣದ ಕಲ್ಲನ್ನೂ ಜೇಡಿಮಣ್ಣನ್ನೂ ಕೂಡಿಸಿ ಸುಟ್ಟು ಪೋರ್ಟ್‌ಲೆಂಡ್ ಸಿಮೆಂಟ್ ಎಂದು ಹೆಸರಿಟ್ಟು ಹಕ್ಕುಪತ್ರ ಪಡೆದ. ಇಂದಿನ ಕಾರ್ಖಾನೆಯಲ್ಲಿ ನೆಲಕ್ಕೆ ಓರೆಯಾಗಿ ಮಲಗಿಸಿದ ಉದ್ದನೆಯ ಉಕ್ಕಿನ ಕೊಳವೆ ತಿರುಗುತ್ತಿರುತ್ತದೆ. ಒಳಗಡೆ ಸುಮಾರು 1450 ಡಿಗ್ರಿ ಶಾಖ. ಅಲ್ಲಿಂದ ಬರುವ ಗಟ್ಟಿ ಉಂಡೆಗಳೇ ಕ್ಲಿಂಕರ್. ಒಂದು ಟನ್ ಕ್ಲಿಂಕರ್‌ಗೆ ಹೆಚ್ಚುಕಡಿಮೆ ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಕೊನೆಗೆ ಸ್ವಲ್ಪ ಜಿಪ್ಸಂ ಸೇರಿಸಿ ಅರೆಯುತ್ತಾರೆ, ಇಲ್ಲದಿದ್ದರೆ ನೀರು ಹಾಕಿದ ಕೂಡಲೇ ಗಟ್ಟಿಯಾಗಿ ಗಾರೆಯವನ ಕೈಗೇ ಸಿಗುವುದಿಲ್ಲ.

ಎರಡನೆಯದು ಕಬ್ಬಿಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು, ಸೌದೆ ಇದ್ದಿಲು ಇವುಗಳ ಜೊತೆ ಊದುಕುಲುಮೆಗೆ ಸುರಿಯುತ್ತಿದ್ದ ಮೂರನೆಯ ವಸ್ತು ಸುಣ್ಣದ ಕಲ್ಲು. ಅದಿರಿನಲ್ಲಿರುವ ಮರಳು, ಮಣ್ಣನ್ನು ಸುಣ್ಣ ಹಿಡಿದುಕೊಂಡು ಕರಗಿ ಕಿಟ್ಟವಾಗಿ ಮೇಲೆ ತೇಲುತ್ತದೆ, ಕಬ್ಬಿಣ ಕೆಳಗೆ ಇಳಿಯುತ್ತದೆ. ಕೆನೆ ತೆಗೆದ ಹಾಗೆ ಎಂದುಕೊಳ್ಳಿ, ಇಲ್ಲಿ ಮಾತ್ರ ಕೆನೆ ಕೆಲಸಕ್ಕೆ ಬಾರದ್ದು. ಆದರೆ ಆ ಕಿಟ್ಟವನ್ನೂ ಈಗ ಬಿಡುವುದಿಲ್ಲ, ಅರೆದು ಸಿಮೆಂಟಿಗೆ ಸೇರಿಸುತ್ತಾರೆ.

ಸಕ್ಕರೆ ವಿಷಯ ನಿಮಗೆ ಇನ್ನೂ ಹತ್ತಿರದ್ದು. ಕಬ್ಬು ಬೆಳೆಯುವವರು ಇಲ್ಲಿ ಬಹಳ ಜನ ಇದ್ದೀರಿ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದನ್ನು ನೋಡಿದ್ದೀರಿ. ಮಂಡ್ಯದಲ್ಲಿ 1933ರಲ್ಲಿ ಆರಂಭವಾದ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಎಲ್ಲ ಕಡೆ ನಡೆಯುವುದು ಇದೇ ಕೆಲಸ, ದೊಡ್ಡ ಪ್ರಮಾಣದಲ್ಲಿ. ಕಬ್ಬಿನ ಹಾಲಿಗೆ ಸುಣ್ಣದ ನೀರು ಹಾಕಿ, ಗಂಧಕದ ಹೊಗೆ ಹಾಯಿಸಿ, ಕಾಯಿಸಿದರೆ ಕೊಳೆಯೆಲ್ಲ ಒಟ್ಟುಗೂಡಿ ತಳಕ್ಕೆ ಇಳಿಯುತ್ತದೆ. ಶೋಧಿಸಿ ಉಳಿದದ್ದೇ ನೀವು ಗದ್ದೆಗೆ ಹೊಡೆಸುವ ಪ್ರೆಸ್‌ಮಡ್ ಗೊಬ್ಬರ.

ಇನ್ನು ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ದಾಂಡೇಲಿಯಂಥ ಕಡೆ ಕಾಗದ ಮಾಡಲು ಮರದ ಚೂರುಗಳನ್ನು ಬೇಯಿಸುವ ಕ್ಷಾರವನ್ನು ಮತ್ತೆ ಮತ್ತೆ ಹದಕ್ಕೆ ತರಲು ಸುಣ್ಣ ಬೇಕು. ಚರ್ಮ ಹದ ಮಾಡುವವರು ಕೂದಲು ಬಿಡಿಸಲು ತೊಗಲನ್ನು ನೆನೆಹಾಕುವುದು ಸುಣ್ಣದ ತೊಟ್ಟಿಯಲ್ಲಿ. ಅರಳಿದ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿದರೆ ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ. ಸುಟ್ಟ ಸುಣ್ಣವನ್ನು ಕೋಕ್ ಜೊತೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿದರೆ ಕಾರ್ಬೈಡ್. ಅದರಿಂದ ಬೆಸುಗೆಯ ಅನಿಲ ಬರುತ್ತದೆ. ಅದರಲ್ಲಿ ಮಾವಿನ ಹಣ್ಣು ಮಾಗಿಸುವುದನ್ನು ಕಾನೂನು ನಿಷೇಧಿಸಿದೆ, ಆದರೂ ಮಾಡುವವರು ಇದ್ದಾರೆ. ಸುಣ್ಣದ ಕಲ್ಲು ಮತ್ತು ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನವನ್ನು ಬೆಲ್ಜಿಯಂ ದೇಶದ ಅರ್ನೆಸ್ಟ್ ಸಾಲ್ವೆ 1860ರ ದಶಕದಲ್ಲಿ ರೂಢಿಗೆ ತಂದ. ಗುಜರಾತಿನ ಮೀಠಾಪುರದಲ್ಲಿ ಸಮುದ್ರದ ಉಪ್ಪಿನಿಂದ ಹಾಗೆ ಸೋಡಾ ಮಾಡುತ್ತಾರೆ. ಕ್ಯಾನು ತೊಳೆಯಲು ಬಳಸುವ ಸೋಡಾಪುಡಿ ಆ ಜಾತಿಯದೇ. ಗಾಜಿಗೂ ಸೋಡಾ, ಸುಣ್ಣ ಎರಡೂ ಬೇಕು. ನಿಮ್ಮ ಹೊಲದ ಪಿವಿಸಿ ಪೈಪು, ಗೋಡೆಯ ಬಣ್ಣ, ಎಷ್ಟೋ ಬಗೆಯ ಹಲ್ಲುಜ್ಜುವ ಪೇಸ್ಟು ಇವುಗಳಲ್ಲೆಲ್ಲ ನುಣ್ಣಗೆ ಅರೆದ ಇದೇ ಕಲ್ಲಿನ ಪುಡಿ ಇದೆ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕುವುದಂತೂ ಕೃಷಿ ಇಲಾಖೆಯವರ ಹಳೆಯ ಪಾಠ.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ಪೇಟೆಯಲ್ಲಿ ಸಿಗುವ ಕಲ್ಲಿನ ಪುಡಿ ಹೀಗೆ ಹತ್ತಾರು ಕೆಲಸಕ್ಕೆಂದು ತಯಾರಾದದ್ದು. ಬಣ್ಣಕ್ಕೆ, ಪೈಪಿಗೆ, ಟೈಲ್ಸ್ ಕೆಲಸಕ್ಕೆ ಅರೆದ ಪುಡಿಯಲ್ಲಿ ಏನು ಬೆರೆತಿದೆ ಎಂದು ಯಾರೂ ರಾಸುವಿನ ದೃಷ್ಟಿಯಿಂದ ಪರೀಕ್ಷೆ ಮಾಡಿರುವುದಿಲ್ಲ. ಕೆಲವು ಕಲ್ಲಿನಲ್ಲಿ ಮೆಗ್ನೀಸಿಯಂ ಹೆಚ್ಚು, ಕೆಲವದರಲ್ಲಿ ಮರಳು ಹೆಚ್ಚು, ಕೆಲವದರಲ್ಲಿ ಫ್ಲೋರಿನ್, ಸೀಸ ಇಂಥವು ಇರಬಹುದು. ಮೇವಿಗೆ ಸೇರಿಸುವ ಪುಡಿಗೆ ಬೇರೆಯೇ ದರ್ಜೆ ಇದೆ.

ಅದಕ್ಕಿಂತ ಮುಖ್ಯವಾದದ್ದು ರಂಜಕ. ಶುದ್ಧ ಸುಣ್ಣದ ಕಲ್ಲಿನಲ್ಲಿ ನೂರಕ್ಕೆ 40 ಪಾಲು ಕ್ಯಾಲ್ಸಿಯಂ ಇದೆ, ಒಪ್ಪಿದೆ. ರಂಜಕ ಇಲ್ಲ. ತಾಮ್ರ, ಸತು, ಕೋಬಾಲ್ಟ್, ಅಯೋಡಿನ್ ಎಂದು ಲೆಕ್ಕ ಹಿಡಿಯುವಷ್ಟು ಇಲ್ಲ. ಹಸು ಬೆದೆಗೆ ಬರದಿರುವುದು, ಬಂದರೂ ಗಬ್ಬ ನಿಲ್ಲದಿರುವುದು, ಹಗ್ಗ, ಬಟ್ಟೆ, ಮೂಳೆ, ಗೋಡೆ ನೆಕ್ಕುವುದು ಇವುಗಳ ಹಿಂದೆ ಬಹಳ ಸಲ ರಂಜಕದ ಮತ್ತು ಈ ಸಣ್ಣ ಖನಿಜಗಳ ಕೊರತೆ ಇರುತ್ತದೆ. ರಂಜಕ ಕೊಡುವ ಡೈಕ್ಯಾಲ್ಸಿಯಂ ಫಾಸ್ಫೇಟ್ ಮಾಡಲು ರಂಜಕದ ಶಿಲೆಯನ್ನು ಆಮ್ಲದಲ್ಲಿ ಕರಗಿಸಿ, ಆ ದ್ರಾವಣಕ್ಕೆ ಸುಣ್ಣ ಹಾಕಿ ಗರಣೆ ಕಟ್ಟಿಸುತ್ತಾರೆ. ನೋಡಿ, ಅಲ್ಲಿಯೂ ಸುಣ್ಣ ಬಂತು. ಆದರೆ ಬೆಲೆ ಇರುವುದು ರಂಜಕಕ್ಕೆ. ಪೊಟ್ಟಣದ ದುಡ್ಡಿನ ದೊಡ್ಡ ಪಾಲು ನೀವು ಕೊಡುವುದು ಅದಕ್ಕೇ, ಕಲ್ಲಿನ ಪುಡಿಗಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಯಾವ ಸೀಮೆಯ ಮೇವಿನಲ್ಲಿ ಯಾವ ಖನಿಜ ಕಡಿಮೆ ಎಂದು ನೋಡಿ ಆಯಾ ಪ್ರದೇಶಕ್ಕೆ ತಕ್ಕ ಮಿಶ್ರಣಗಳನ್ನು ರೂಪಿಸಿದ್ದಾರೆ.

ಇದನ್ನು ತಿಳಿದೇ ಮೋಸ ಮಾಡುವವರೂ ಹುಟ್ಟಿಕೊಂಡಿದ್ದಾರೆ. ಹೆಸರಿಲ್ಲದ ಪೊಟ್ಟಣ, ಹಸುವಿನ ಬಣ್ಣದ ಚಿತ್ರ, ಒಳಗೆ ಬರೀ ಕಲ್ಲಿನ ಪುಡಿ, ಸ್ವಲ್ಪ ಬಣ್ಣ, ಒಂದಿಷ್ಟು ಬೆಲ್ಲದ ವಾಸನೆ. ಒಂದು ಚಮಚ ಪುಡಿಗೆ ನಿಂಬೆರಸ ಹಿಂಡಿ ನೋಡಿ. ಸೋಡಾ ಬಾಟಲಿಯ ಹಾಗೆ ಜೋರಾಗಿ ನೊರೆ ಎದ್ದರೆ ಅದರಲ್ಲಿ ಸುಣ್ಣದ ಕಲ್ಲು ಹೇರಳವಾಗಿದೆ ಎಂದು ಅರ್ಥ. ಆದರೆ ಒಂದು ಎಚ್ಚರಿಕೆ ಹೇಳಬೇಕು. ಒಳ್ಳೆಯ ಮಿಶ್ರಣದಲ್ಲೂ ಕ್ಯಾಲ್ಸಿಯಂಗಾಗಿ ಸ್ವಲ್ಪ ಕಲ್ಲಿನ ಪುಡಿ ಸೇರಿಸಿರುತ್ತಾರೆ, ಹಾಗಾಗಿ ಅದೂ ಸ್ವಲ್ಪ ನೊರೆಗಟ್ಟುತ್ತದೆ. ನೊರೆ ಬಂತೆಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಪೊಟ್ಟಣದ ಮೇಲೆ ರಂಜಕ ಶೇಕಡಾ ಎಷ್ಟು ಎಂದು ಬರೆದಿದೆಯೇ ನೋಡಿ. ಬರೆದಿಲ್ಲವಾದರೆ ಕೊಳ್ಳಬೇಡಿ, ಅಷ್ಟೇ.

ಈಗ ನಾನು ಹೇಳಲು ಬಂದ ಮುಖ್ಯ ಸಂಗತಿ. ಇದನ್ನು ಹೇಳುವುದು ನನಗೆ ಸುಲಭವಲ್ಲ.

ನಾನು ಪದವಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಬ್ಬ ತಾಯಿ, ಗಂಡ ಇಲ್ಲದವರು, ಸಾಲ ಮಾಡಿ ಒಂದು ಮಿಶ್ರತಳಿ ಹಸು ಕಟ್ಟಿದ್ದರು. ಮೂರನೇ ಗಬ್ಬ, ತುಂಬು ಎಂಟು ತಿಂಗಳು. ಹಾಲು ಬತ್ತಿಸಿದ್ದರು. ಹಿಂದಿನ ಸೂಲಿನಲ್ಲಿ 14 ಲೀಟರ್ ಕೊಟ್ಟ ಹಸು. “ಕರು ಹಾಕಿದ ಮೇಲೆ ಚೆನ್ನಾಗಿ ಹಾಲು ಕೊಡಬೇಕು ಸಾರ್, ಈಗಿನಿಂದಲೇ ಏನು ಕೊಡಲಿ?” ಎಂದು ಕೇಳಿದರು. ನಾನು ಪುಸ್ತಕದಿಂದ ಎದ್ದು ಬಂದವನು, ಹಾಲಿಗೆ ಕ್ಯಾಲ್ಸಿಯಂ ಬೇಕು ಎಂಬುದಷ್ಟೇ ತಲೆಯಲ್ಲಿ. ಮೇವಿನ ದರ್ಜೆಯ ಕಲ್ಲಿನ ಪುಡಿಯನ್ನೇ ದಿನಾ ಎರಡು ಹಿಡಿ ಕೊಡಿ, ಕ್ಯಾಲ್ಸಿಯಂ ಟಾನಿಕ್ಕೂ ಕುಡಿಸಿ, ಧಾರಾಳವಾಗಿ ಕೊಡಿ ಎಂದೆ. ಆಕೆ ಒಂದು ದಿನವೂ ತಪ್ಪಿಸದೆ ಕೊಟ್ಟರು.

ಕರು ಹಾಕಿದ ಮರುದಿನ ಸಂಜೆ ಹಸು ತೂರಾಡಿ ಮಲಗಿತು. ಕಿವಿ ತಣ್ಣಗೆ, ಕತ್ತು ಪಕ್ಕೆಯ ಕಡೆಗೆ ಮಡಚಿಕೊಂಡಿತ್ತಂತೆ. ನನಗೆ ಸುದ್ದಿ ಬಂದಾಗ ಬೇರೆ ಹೋಬಳಿಯಲ್ಲಿದ್ದೆ, ತಲುಪುವ ಹೊತ್ತಿಗೆ ಬೆಳಗಿನ ಜಾವ. ಹೊಟ್ಟೆ ಉಬ್ಬರಿಸಿ ಹಸು ಆಗಲೇ ಹೋಗಿತ್ತು. ಆ ತಾಯಿ ಬೈಯಲಿಲ್ಲ. “ನೀವು ಹೇಳಿದಷ್ಟೇ ಕೊಟ್ಟೆ ಸಾರ್, ಕಡಿಮೆ ಕೊಡಲಿಲ್ಲ” ಎಂದರು. ಕಡಿಮೆಯಾಗಿದ್ದಕ್ಕೇ ಹೀಗಾಯಿತೇನೋ ಎಂದು ಆಕೆಗೆ ಅನುಮಾನ.

ಅದು ಹಾಲು ಜ್ವರ. ಹೆಸರಿಗೆ ಜ್ವರ, ಮೈ ಬಿಸಿ ಇರುವುದಿಲ್ಲ, ತಣ್ಣಗಾಗುತ್ತದೆ. ಕೆಲವು ದಿನ ಕಳೆದ ಮೇಲೆ ಹಿರಿಯ ವೈದ್ಯರೊಬ್ಬರ ಬಳಿ ಇದನ್ನು ಹೇಳಿದೆ. ಅವರು ನಾನೇ ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತದ್ದನ್ನು ನನಗೆ ನೆನಪಿಸಿದರು. ಲೆಕ್ಕ ಹೀಗಿದೆ. ಹಸುವಿನ ರಕ್ತದಲ್ಲಿ ಯಾವುದೇ ಗಳಿಗೆಯಲ್ಲಿ ಓಡಾಡುವ ಕ್ಯಾಲ್ಸಿಯಂ ಒಟ್ಟು 3 ಗ್ರಾಂ ಆಸುಪಾಸು, ಅಷ್ಟೇ. ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಹೋಗುತ್ತದೆ. ಗಿಣ್ಣು ಹಾಲಿನಲ್ಲಿ ಅದರ ಎರಡರಷ್ಟು. 10 ಲೀಟರ್ ಗಿಣ್ಣು ಕರೆದರೆ 20 ಗ್ರಾಂಗೂ ಮೇಲೆ ಹೋಯಿತು. ಇರುವುದು 3, ಹೋಗುವುದು 20. ಹಸು ಬದುಕುವುದು ಹೇಗೆ? ಕತ್ತಿನಲ್ಲಿ ಒಂದು ಸಣ್ಣ ಗ್ರಂಥಿ ಇದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದ ಕೂಡಲೇ ಅದು ಮೂಳೆಗೂ ಕರುಳಿಗೂ ಮೂತ್ರಪಿಂಡಕ್ಕೂ ಅಪ್ಪಣೆ ಕಳಿಸುತ್ತದೆ. ಮೂಳೆಯಿಂದ ತೆಗೆ, ಮೇವಿನಿಂದ ಹೆಚ್ಚು ಹೀರು, ಮೂತ್ರದಲ್ಲಿ ಬಿಡಬೇಡ ಎಂದು. ಬತ್ತಿದ ಕಾಲದಲ್ಲಿ ನಾವು ಹಿಡಿ ಹಿಡಿ ಕ್ಯಾಲ್ಸಿಯಂ ಸುರಿದರೆ ಆ ಗ್ರಂಥಿಗೆ ಕೆಲಸವೇ ಇಲ್ಲದೆ ಜಡವಾಗುತ್ತದೆ. ಕರು ಹಾಕಿದ ದಿನ ಇದ್ದಕ್ಕಿದ್ದಂತೆ ಎಬ್ಬಿಸಿದರೆ ಏಳಲು ಎರಡು ಮೂರು ದಿನ ಬೇಕು. ಹಸುವಿಗೆ ಅಷ್ಟು ಪುರಸೊತ್ತು ಇರುವುದಿಲ್ಲ. ಕೂಡಿಟ್ಟ ಕಣಜ ಮೂಳೆಯಲ್ಲಿ ತುಂಬಿದೆ, ಬೀಗದ ಕೈ ಸಿಗುತ್ತಿಲ್ಲ ಎಂದ ಹಾಗೆ.

ಮೂರನೇ ಸೂಲು, ಹೆಚ್ಚು ಹಾಲಿನ ತಳಿ, ಹಾಲು ಜ್ವರ ನನ್ನ ಪುಡಿ ಇಲ್ಲದೆಯೂ ಬರಬಹುದಿತ್ತು ಎಂದು ನನ್ನ ಸ್ನೇಹಿತರು ಸಮಾಧಾನ ಹೇಳಿದರು. ಬರಬಹುದಿತ್ತು. ಆದರೆ ದಾರಿ ಮಾಡಿಕೊಟ್ಟವನು ನಾನು. ಆಕೆ ಸತ್ತ ಹಸುವಿನ ಸಾಲವನ್ನು ಮೂರು ವರ್ಷ ಕೂಲಿ ಮಾಡಿ ತೀರಿಸಿದರು. ಮನೆಗೆ ಹೋಗಿ ತಪ್ಪು ನನ್ನದು ಎಂದು ಹೇಳಲು ನನಗೆ ಒಂದು ವರ್ಷ ಬೇಕಾಯಿತು.

ಆದ್ದರಿಂದ ಬಂಧುಗಳೇ, ಕರು ಹಾಕುವ ಮುಂಚಿನ ಮೂರು ವಾರ ಸುಣ್ಣದ ಪುಡಿಯನ್ನಾಗಲಿ, ಕ್ಯಾಲ್ಸಿಯಂ ಟಾನಿಕ್ಕನ್ನಾಗಲಿ ನಿಮ್ಮಷ್ಟಕ್ಕೆ ಕೊಡಬೇಡಿ. ಕುದುರೆಮಸಾಲೆ ಸೊಪ್ಪನ್ನೂ ಆಗ ಕಡಿಮೆ ಮಾಡಿ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಆ ದಿನಗಳಲ್ಲಿ ಖನಿಜ ಮಿಶ್ರಣ ಎಷ್ಟು ಎಂಬುದನ್ನು ನಿಮ್ಮ ಮೇವು ನೋಡಿ ನಾವು ಹೇಳುತ್ತೇವೆ. ಕರು ಹಾಕಿದ ದಿನದಿಂದ ಕ್ಯಾಲ್ಸಿಯಂ ಬೇಕು, ಧಾರಾಳವಾಗಿ ಬೇಕು. ಕರೆಯುವ ಹಸುವಿಗೆ ಹಾಲಿನ ಪ್ರಮಾಣ ನೋಡಿ ದಿನಕ್ಕೆ 50ರಿಂದ 100 ಗ್ರಾಂ ಖನಿಜ ಮಿಶ್ರಣ ಕೊಡಿ. ಭತ್ತದ ಹುಲ್ಲನ್ನೇ ನಂಬಿದವರು ಇದನ್ನು ತಪ್ಪಿಸಲೇಬಾರದು, ಏಕೆಂದರೆ ಭತ್ತದ ಹುಲ್ಲಿನ ಆಕ್ಸಲೇಟ್ ಇರುವ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಾಗಿ ಹುಲ್ಲು ಆ ಮಟ್ಟಿಗೆ ಮೇಲು.

ಕರು ಹಾಕಿದ ಹಸು ಮಲಗಿಬಿಟ್ಟರೆ ಬಾಯಿಗೆ ಏನನ್ನೂ ಹುಯ್ಯಬೇಡಿ. ನುಂಗುವ ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅಡ್ಡ ಮಲಗಲು ಬಿಡದೆ ಹುಲ್ಲಿನ ಮೂಟೆ ಕೊಟ್ಟು ಎದೆಯ ಮೇಲೆ ಕೂರಿಸಿ, ಕೂಡಲೇ ಫೋನ್ ಮಾಡಿ. ನಾವು ರಕ್ತನಾಳಕ್ಕೆ ಬಿಡುವ 450 ಮಿಲಿಲೀಟರ್ ಬಾಟಲಿಯಲ್ಲಿ ಸುಮಾರು 8 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಸಕ್ಕರೆಯಿಂದ ಬಂದ ಆಮ್ಲಕ್ಕೆ ಸುಣ್ಣ ಕೂಡಿಸಿ ಅದನ್ನು ಮಾಡುತ್ತಾರೆ, ಅಂದರೆ ಅದೂ ಈ ಕಲ್ಲಿನ ಮೊಮ್ಮಗುವೇ. ಸತ್ತಂತೆ ಮಲಗಿದ್ದ ಹಸು ಬಾಟಲಿ ಮುಗಿಯುವುದರೊಳಗೆ ತೇಗಿ, ಸಗಣಿ ಹಾಕಿ ಎದ್ದು ನಿಲ್ಲುವುದನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಆದರೆ ಬೇಗ ಬಿಟ್ಟರೆ ಅದೇ ಬಾಟಲಿ ಹೃದಯವನ್ನು ನಿಲ್ಲಿಸುತ್ತದೆ. ಊರಿನಲ್ಲಿ ಸೂಜಿ ಹಾಕಲು ಗೊತ್ತಿರುವವರ ಕೈಗೆ ಅದನ್ನು ಕೊಡಬೇಡಿ.

ಇನ್ನು ಎರಡು ಮೂರು ಚಿಕ್ಕ ಮಾತು. ಕೊಟ್ಟಿಗೆಗೆ ಸುಣ್ಣ ಬಳಿಯಿರಿ, ಗೋಡೆಯ ಬಿರುಕಿನಲ್ಲಿ ಅಡಗುವ ಉಣ್ಣೆಗೂ ರೋಗಾಣುಗಳಿಗೂ ಅದು ಆಗುವುದಿಲ್ಲ. ಸುಟ್ಟ ಸುಣ್ಣ ಅರಳಿಸುವಾಗ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಬಹಳ ಹೊತ್ತು ಬರೀ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಗುಂಡಿಗೆ ಬೇಲಿ ಹಾಕಿ, ಕರುಗಳಿಗೂ ಮಕ್ಕಳಿಗೂ ಬಿಳಿ ಗುಂಡಿ ಎಂದರೆ ಕುತೂಹಲ. ಕೆಚ್ಚಲು ಬಾವಿಗೆ ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಹಚ್ಚುವ ಕ್ರಮ ಈಗ ಬಹಳ ಕಡೆ ಬಳಕೆಗೆ ಬಂದಿದೆ. ಅದು ಅರಳಿದ ಸುಣ್ಣ, 15 ಗ್ರಾಂ ಎಂದರೆ 15 ಗ್ರಾಂ. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂದು ಒಂದು ಹಿಡಿ ಹಾಕಿದರೆ ಕೆಚ್ಚಲ ಚರ್ಮ ಸುಟ್ಟು, ಹಸು ಕರೆಯಲು ಬಿಡುವುದಿಲ್ಲ. ಹುಳಿ ಬರುತ್ತಿರುವ ಹಾಲಿಗೆ ಸುಣ್ಣದ ತಿಳಿಯೋ ಸೋಡಾವೋ ಹಾಕಿ ತರುವ ಕಥೆ ನನಗೆ ಗೊತ್ತಿಲ್ಲವೆಂದು ಯಾರೂ ತಿಳಿಯಬೇಡಿ. ರೋಸಾಲಿಕ್ ಆಮ್ಲದ ಎರಡು ಹನಿಗೆ ಅದು ಗುಲಾಬಿ ಬಣ್ಣದಲ್ಲಿ ಸಿಕ್ಕಿಬೀಳುತ್ತದೆ, ಆಗ ನಷ್ಟವಾಗುವುದು ಒಬ್ಬರ ಹಾಲಲ್ಲ, ಇಡೀ ಸಂಘದ ಹಾಲು.

ಮುಂದಿನ ಎರಡು ತಿಂಗಳಲ್ಲಿ ಕರು ಹಾಕುವ ಹಸು, ಎಮ್ಮೆ ಯಾರ ಮನೆಯಲ್ಲಿದೆಯೋ ಅವರು ಇವತ್ತೇ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ ಹೋಗಿ. ಗಬ್ಬ ಕಟ್ಟಿಸಿದ ತಾರೀಖು, ಎಷ್ಟನೇ ಸೂಲು, ಹಿಂದೆ ಹಾಲು ಜ್ವರ ಬಂದಿತ್ತೇ ಇಷ್ಟು ಬರೆಸಿದರೆ ಸಾಕು. ಮುಂದಿನ ವಾರ ನಾನು ಒಂದೊಂದೇ ಕೊಟ್ಟಿಗೆಗೆ ಬರುತ್ತೇನೆ. ಪುಡಿಯ ಚೀಲ ಆಗಲೇ ತಂದಿಟ್ಟಿರುವವರು ಅದನ್ನು ಬಚ್ಚಿಡಬೇಡಿ, ತೋರಿಸಿ. ಬೈಯುವುದಿಲ್ಲ.